ಎರಡು ಬಾಗಿಲ ಹೆರಾಲ್ಡಿಗೆ ಅದೇ ಮನೆತನದ ಎಂಜಿನ್: ಗ್ಯಾರೇಜ್ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಚಿಕ್ಕಪ್ಪನವರ 1964ರ ಎರಡು ಬಾಗಿಲ ಸ್ಟ್ಯಾಂಡರ್ಡ್ ಹೆರಾಲ್ಡ್ ಬಹಳ ವರ್ಷಗಳಿಂದ ತೋಟದ ಶೆಡ್ಡಿನಲ್ಲಿ ನಿಂತಿದೆ. ಅದನ್ನು ಸ್ಟ್ರೀಟ್ ರಾಡ್ (ಹಳೇ ಬಾಡಿಗೆ ಹೆಚ್ಚು ಶಕ್ತಿಯ ಎಂಜಿನ್ ಹಾಕಿದ ಕಾರು) ಮಾಡುವ ಆಸೆ. ಪರಿಚಯದ ಮೆಕ್ಯಾನಿಕ್ ಮಾರುತಿ ಎಸ್ಟೀಮ್ ಎಂಜಿನ್ ಕೂರಿಸೋಣ ಅನ್ನುತ್ತಾರೆ. ನನಗೆ ಅದೇ ಕಂಪನಿಯ ಭಾಗಗಳಲ್ಲೇ ಮಾಡಬೇಕೆಂದಿದೆ. ಆಗುತ್ತದೆಯೇ? ಎಲ್ಲಿಂದ ಶುರು ಮಾಡಲಿ?
– ಬಟವಾಡಿ, ತುಮಕೂರು

ಉತ್ತರ: ಆಗುತ್ತದೆ. ನಿಮ್ಮ ಆಯ್ಕೆಯೇ ಸರಿ. ಎಸ್ಟೀಮ್ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಚಕ್ರ ತಿರುಗಿಸುವಂಥದ್ದು. ಹೆರಾಲ್ಡಿನಲ್ಲಿ ತಿರುಗುವುದು ಹಿಂದಿನ ಚಕ್ರ; ಅದಕ್ಕೆ ಆ ಎಂಜಿನ್ನನ್ನು ಉದ್ದಕ್ಕೆ ಕೂರಿಸಬೇಕಾದರೆ ಜಿಪ್ಸಿಯ ಗೇರ್‌ಬಾಕ್ಸ್ ಹುಡುಕಬೇಕು, ಚಾಸಿಸ್ ಮೇಲಿನ ಎಂಜಿನ್ ಮೌಂಟಿಂಗ್ ಕತ್ತರಿಸಬೇಕು, ಸಂಪ್ (ಎಂಜಿನ್ನಿನ ತಳದ ಎಣ್ಣೆ ತಟ್ಟೆ) ಬದಲಿಸಬೇಕು, ಪ್ರೊಪೆಲ್ಲರ್ ಶಾಫ್ಟ್ ಹೊಸದಾಗಿ ಮಾಡಿಸಬೇಕು. ಒಮ್ಮೆ ಗ್ಯಾಸ್ ಕಟರ್ ಹಚ್ಚಿದ ಮೇಲೆ ಆ ಗಾಡಿ ಮತ್ತೆ ಹೆರಾಲ್ಡ್ ಆಗುವುದಿಲ್ಲ. ಅದೇ ಮನೆತನದ ಭಾಗ ಹಾಕಿದರೆ ನಟ್ಟು ಬಿಚ್ಚಿ ಹಳೆಯದನ್ನು ವಾಪಸ್ ಕೂರಿಸಬಹುದು. ಇದು ಕಾನೂನಿನ ದೃಷ್ಟಿಯಿಂದ ಎಷ್ಟು ಮುಖ್ಯ ಎಂಬುದು ಮುಂದಿನ ಪತ್ರದ ಉತ್ತರದಲ್ಲಿದೆ, ಅದನ್ನು ಓದದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ತಯಾರಿಸಿದ ಹೆರಾಲ್ಡ್, 1959ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಟ್ರಯಂಫ್ ಹೆರಾಲ್ಡೇ. ಅಲ್ಲಿ ಅದಕ್ಕೆ ಒಡಹುಟ್ಟಿದವು ಹಲವು: ಸ್ಪಿಟ್‌ಫೈರ್, ವಿಟೆಸ್, ಜಿಟಿ6. ಎಲ್ಲಕ್ಕೂ ಬೆನ್ನೆಲುಬಿನಂಥ ಪ್ರತ್ಯೇಕ ಚಾಸಿಸ್, ಮುಂದೆ ಒಂದೇ ಬಗೆಯ ಡಬಲ್ ವಿಶ್‌ಬೋನ್, ಹಿಂದೆ ಅಡ್ಡಲಾಗಿ ಮಲಗಿದ ಬ್ಲೇಡ್ ಸ್ಪ್ರಿಂಗ್. ನಾಲ್ಕು ಸಿಲಿಂಡರಿನ ಎಂಜಿನ್ನೂ ಒಂದೇ ಬ್ಲಾಕಿನ ವಂಶ. ನಿಮ್ಮಲ್ಲಿರುವುದು 948 ಸಿಸಿ, ಬೋರ್ (ಸಿಲಿಂಡರಿನ ಒಳವ್ಯಾಸ) 63 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 76 ಮಿ.ಮೀ. ಅದೇ ಸ್ಟ್ರೋಕಿನಲ್ಲಿ ಬೋರ್ 69.3ಕ್ಕೆ ಏರಿಸಿದಾಗ 1147 ಸಿಸಿ, 73.7ಕ್ಕೆ ಏರಿಸಿದಾಗ 1296 ಸಿಸಿ. ಕೊನೆಗೆ ಸ್ಟ್ರೋಕನ್ನು 87.5ಕ್ಕೆ ಹಿಗ್ಗಿಸಿ 1493 ಸಿಸಿ ಮಾಡಿದರು. ಇಷ್ಟು ಕೇಳಿ, ನನ್ನ 948ಕ್ಕೇ ದೊಡ್ಡ ಬೋರ್ ಹಾಕಿಸುತ್ತೇನೆ ಎಂದು ಹೊರಡಬೇಡಿ. ಸಿಲಿಂಡರುಗಳ ಜಾಗವನ್ನೇ ಸರಿಸಿ 1147ರ ಬ್ಲಾಕ್ ಎರಕ ಹೊಯ್ದರು. 948ರ ಗೋಡೆಗೆ ಅಷ್ಟು ದಪ್ಪವಿಲ್ಲ, ನೀರಿನ ಜಾಕೆಟ್ ತೂತಾಗುತ್ತದೆ.

ಇವುಗಳಲ್ಲಿ ಯಾವುದು? ಸಿಸಿ ನೋಡಿದರೆ 1493 ಆಸೆ ಹುಟ್ಟಿಸುತ್ತದೆ. ನಮ್ಮ ಆಯ್ಕೆ 1296. ಸ್ಪಿಟ್‌ಫೈರ್ ಮಾರ್ಕ್ 3ರಲ್ಲಿ ಇದು 75 ಅಶ್ವಶಕ್ತಿ ಕೊಡುತ್ತಿತ್ತು. ನಿಮ್ಮ 948 ಒಂದೇ ಕಾರ್ಬ್ಯುರೇಟರಿನಲ್ಲಿ ಕೊಡುವುದು ಸುಮಾರು 35. 1493ಕ್ಕೆ ಸ್ಟ್ರೋಕ್ ಉದ್ದ, ಕ್ರ್ಯಾಂಕಿಗೆ ಇರುವುದು ಮೂರೇ ಮೇನ್ ಬೇರಿಂಗ್. ಹೆಚ್ಚು ಆರ್‌ಪಿಎಮ್‌ನಲ್ಲಿ ಎಳೆದರೆ ಬಿಗ್ ಎಂಡ್ ಬೇರಿಂಗ್ ಬೇಗ ಸವೆಯುತ್ತದೆ. 1296 ತಿರುಗಲು ಹಗುರ, ಬಾಳಿಕೆಯೂ ಹೆಚ್ಚು.

ಕೊಳ್ಳುವಾಗ ಎಂಜಿನ್ ಮಾತ್ರ ಕೊಂಡರೆ ಅಲ್ಲಿಂದಲೇ ತೊಂದರೆ ಶುರು. ಒಂದೇ ಕಂಪನಿ ಎಂದ ಮಾತ್ರಕ್ಕೆ ಎಲ್ಲವೂ ಒಂದಕ್ಕೊಂದು ಕೂರುವುದಿಲ್ಲ, ವರ್ಷ ಬದಲಾದಂತೆ ಒಳಗಿನ ಅಳತೆಗಳೂ ಬದಲಾಗಿವೆ. ಕ್ಲಚ್ ಪ್ಲೇಟಿನ ವ್ಯಾಸ, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸ್ಪ್ಲೈನು, ಕ್ರ್ಯಾಂಕಿನ ತುದಿಯಲ್ಲಿ ಆ ಶಾಫ್ಟ್ ಕೂರುವ ಬುಶ್ಶು, ಫ್ಲೈವೀಲಿನ ರಿಂಗ್ ಗೇರು, ಸ್ಟಾರ್ಟರು, ಈ ಐದರಲ್ಲಿ ಒಂದು ತಪ್ಪಿದರೂ ಎಂಜಿನ್ ಮತ್ತೆ ಕೆಳಗಿಳಿಸಬೇಕಾಗುತ್ತದೆ. ಆದ್ದರಿಂದ ಎಂಜಿನ್, ಫ್ಲೈವೀಲ್, ಕ್ಲಚ್, ಬೆಲ್ ಹೌಸಿಂಗ್, ಗೇರ್‌ಬಾಕ್ಸ್, ಸ್ಟಾರ್ಟರ್ ಎಲ್ಲವೂ ಒಂದೇ ಗಾಡಿಯಿಂದ ಇಳಿದ ಸೆಟ್ ಆಗಿರಲಿ. ನಿಮ್ಮ ಹಳೇ ಗೇರ್‌ಬಾಕ್ಸಿನಲ್ಲಿ ಮೊದಲನೇ ಗೇರಿಗೆ ಸಿಂಕ್ರೊಮೆಶ್ (ಗೇರು ಸದ್ದಿಲ್ಲದೆ ಕೂರಿಸುವ ವ್ಯವಸ್ಥೆ) ಇಲ್ಲ, ಇಮ್ಮಡಿ ಶಕ್ತಿಯನ್ನು ಅದು ಬಹಳ ದಿನ ತಾಳುವುದೂ ಇಲ್ಲ. ಸ್ಪಿಟ್‌ಫೈರ್ ಮಾರ್ಕ್ 4ರಿಂದ ನಾಲ್ಕೂ ಗೇರಿಗೆ ಸಿಂಕ್ರೊ ಬಂತು. ಬಳಸಿದ ಎಂಜಿನ್ ವಿದೇಶದಿಂದ ತರಿಸಲು ಆಮದು ಅನುಮತಿ ಬೇಕು, ಹೊಸ ಬಿಡಿಭಾಗ ತರಿಸುವುದು ಸುಲಭ. ಹಣ ಕಳಿಸುವ ಮೊದಲು ಕಸ್ಟಮ್ಸ್ ಏಜೆಂಟರ ಬಳಿ ವಿಚಾರಿಸಿ.

ಎಂಜಿನ್ ಕೈಗೆ ಬಂದ ಕೂಡಲೇ ಕ್ರ್ಯಾಂಕಿನ ಉದ್ದುದ್ದದ ಆಟ ಅಳೆಯಿರಿ. ಈ ಮನೆತನದ ಎಂಜಿನ್ನುಗಳ ದೊಡ್ಡ ದೌರ್ಬಲ್ಯವೇ ಹಿಂದಿನ ಮೇನ್ ಬೇರಿಂಗಿನಲ್ಲಿರುವ ಅರ್ಧಚಂದ್ರದ ಥ್ರಸ್ಟ್ ವಾಷರ್. ಕ್ಲಚ್ ತುಳಿದಾಗಲೆಲ್ಲ ಒತ್ತಡ ಅದರ ಮೇಲೆ. ಸವೆದು ತೆಳ್ಳಗಾಗಿ ಸಂಪಿಗೆ ಬಿದ್ದರೆ ಕ್ರ್ಯಾಂಕು ಬ್ಲಾಕನ್ನೇ ತಿನ್ನುತ್ತದೆ, ಆಮೇಲೆ ಬ್ಲಾಕ್ ಗುಜರಿಗೆ. ಮುಂದಿನ ಪುಲ್ಲಿಗೆ ಡಯಲ್ ಗೇಜ್ ಹಚ್ಚಿ ಒಬ್ಬರಿಂದ ಕ್ಲಚ್ ತುಳಿಸಿ. 0.2 ಮಿ.ಮೀ., ಅಂದರೆ ಎಂಟು ಥೌ (ಇಂಚಿನ ಸಾವಿರದಲ್ಲಿ ಎಂಟು ಭಾಗ) ದಾಟಿದರೆ ಸಂಪ್ ಬಿಚ್ಚಿ ವಾಷರ್ ಬದಲಿಸಿ. ಹೊಸದನ್ನು ಹಾಕುವಾಗ ಎಣ್ಣೆಯ ಗೀರುಗಳಿರುವ ಮುಖ ಕ್ರ್ಯಾಂಕಿನ ಕಡೆಗೇ ಇರಬೇಕು. ತಿರುಗಿಸಿ ಹಾಕಿದರೆ ಎಣ್ಣೆ ಸಿಗದೆ ಬೇಗನೆ ಸವೆದುಹೋಗುತ್ತದೆ.

ಇನ್ನು ಆಕ್ಸಲ್ ಹೌಸಿಂಗ್, ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ. ಬ್ರಿಟನ್ನಿನ 948 ಸೆಡಾನಿನ ಕ್ರೌನ್-ಪಿನಿಯನ್ ಅನುಪಾತ 4.875. ನಿಮ್ಮದರಲ್ಲಿ ಎಷ್ಟಿದೆ ಎಂದು ತಿಳಿಯಲು ಹಿಂದಿನ ಎರಡೂ ಚಕ್ರ ಎತ್ತಿ, ಸೀಮೆಸುಣ್ಣದ ಗುರುತು ಹಾಕಿ, ಎರಡನ್ನೂ ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ಅನುಪಾತ. 155/80 ಆರ್13 ಟೈರಿನಲ್ಲಿ, ನಾಲ್ಕನೇ ಗೇರಿನಲ್ಲಿ, ಗಂಟೆಗೆ 80 ಕಿ.ಮೀ. ಹೋಗಲು 4.875 ಇದ್ದರೆ ಎಂಜಿನ್ ಸುಮಾರು 3,700 ಆರ್‌ಪಿಎಮ್ ತಿರುಗಬೇಕು. ಸ್ಪಿಟ್‌ಫೈರ್ ಮಾರ್ಕ್ 4ರ 3.89 ಹೌಸಿಂಗ್ ಹಾಕಿದರೆ 2,950 ಸಾಕು. 948 ಎಂಜಿನ್ ಉಳಿಸಿಕೊಳ್ಳುವವರು ಮಾತ್ರ ಇದನ್ನು ಮುಟ್ಟಬಾರದು, ದೇವರಾಯನದುರ್ಗದ ಏರಿನಲ್ಲಿ ಗಾಡಿ ಎರಡನೇ ಗೇರಿನಲ್ಲೂ ಏದುಸಿರು ಬಿಡುತ್ತದೆ.

ಇಷ್ಟೆಲ್ಲ ಎಂಜಿನ್ ಮಾತಾದರೂ ಕೆಲಸ ಶುರುವಾಗಬೇಕಾದ್ದು ಚಾಸಿಸ್‌ನಿಂದ, ಆಮೇಲೆ ಬ್ರೇಕು, ಕೊನೆಗೆ ಎಂಜಿನ್. ಹೆರಾಲ್ಡಿನ ಬಾಡಿ ತುಂಡುತುಂಡಾಗಿ ಚಾಸಿಸ್ಸಿಗೆ ಬೋಲ್ಟ್ ಆಗಿರುತ್ತದೆ. ಹಾಗಾಗಿ ಬಾಡಿ ಎತ್ತುವ ಮೊದಲು ಎರಡೂ ಬಾಗಿಲ ಬಾಯಿಗೆ ಚೌಕ ಪೈಪಿನ ಅಡ್ಡಪಟ್ಟಿ ಬೆಸೆಯಿರಿ. ಬೆಸೆಯದೆ ಎತ್ತಿದರೆ ಬಾಡಿ ನಡುವಿನಲ್ಲಿ ಬಾಗುತ್ತದೆ, ಬಾಗಿಲು ಆಮೇಲೆ ಎಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಬೋಲ್ಟಿನ ಜಾಗದಲ್ಲಿದ್ದ ರಬ್ಬರು ಮತ್ತು ಶಿಮ್ಮುಗಳನ್ನು ಯಾವ ಜಾಗದ್ದು ಎಂದು ಚೀಟಿ ಕಟ್ಟಿ ಇಡಿ. ಚಾಸಿಸ್‌ನಲ್ಲಿ ತುಕ್ಕು ಹಿಡಿಯುವುದು ಪಕ್ಕಕ್ಕೆ ಚಾಚಿದ ತೋಳುಗಳಲ್ಲಿ ಮತ್ತು ಆಕ್ಸಲ್ ಹೌಸಿಂಗ್ ಕೂರುವ ಜಾಗದಲ್ಲಿ. ಸುತ್ತಿಗೆಯ ಹಿಂಬದಿಯಿಂದ ಬಡಿಯುತ್ತ ಹೋಗಿ, ಮಂಕಾದ ಸದ್ದು ಬಂದಲ್ಲಿ ಕೊರೆದು ನೋಡಿ. ಕೊಳೆತ ತೋಳನ್ನು ಅದೇ ಆಕಾರಕ್ಕೆ ಮಾಡಿಸಿ ಬದಲಿಸಬಹುದು, ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ತಗಡು ಬಗ್ಗಿಸಿ ಕೊಡುವವರು ಸಿಗುತ್ತಾರೆ. ಒಂದು ಬದಿ ಪೂರ್ತಿ ಮುಗಿಸಿ, ಬಾಡಿ ಕೂರಿಸಿ ಬಾಗಿಲ ಸಂದು ನೋಡಿ, ಆಮೇಲಷ್ಟೇ ಇನ್ನೊಂದು ಬದಿಗೆ ಹೋಗಿ.

ಹೆರಾಲ್ಡಿಗೆ ಮುಂದೆ 8 ಇಂಚು, ಹಿಂದೆ 7 ಇಂಚಿನ ಡ್ರಮ್ಮು. ಸ್ಪಿಟ್‌ಫೈರಿಗೆ ಮುಂದೆ 9 ಇಂಚಿನ ಡಿಸ್ಕು. ಇದು ಬೋಲ್ಟಿನಲ್ಲೇ ಕೂರುವ ಬದಲಾವಣೆ, ಆದರೆ ಇಲ್ಲೂ ಸೆಟ್ಟಿನ ನಿಯಮವೇ. ವರ್ಟಿಕಲ್ ಲಿಂಕ್ (ಮುಂದಿನ ಚಕ್ರ ಹೊರುವ ನೆಟ್ಟನೆಯ ಕೊಂಡಿ), ಸ್ಟಬ್ ಆಕ್ಸಲ್, ಹಬ್, ಡಿಸ್ಕ್, ಕ್ಯಾಲಿಪರ್, ಅದರ ಬ್ರಾಕೆಟ್, ಸ್ಟೀರಿಂಗ್ ತೋಳು, ಎರಡೂ ಬದಿಯದು ಒಂದೇ ಗಾಡಿಯಿಂದ ಬರಲಿ. ಡ್ರಮ್ಮಿನ ಮಾಸ್ಟರ್ ಸಿಲಿಂಡರನ್ನು ಹಾಗೇ ಬಿಟ್ಟರೆ ಕೆಲಸ ಕೆಡುತ್ತದೆ. ಪೈಪಿನಲ್ಲಿ ಅಲ್ಪ ಒತ್ತಡ ಹಿಡಿದಿಡುವ ವಾಲ್ವ್ ಅದರೊಳಗಿರುತ್ತದೆ. ಡ್ರಮ್ಮಿಗೆ ಅದು ಬೇಕು, ಡಿಸ್ಕಿಗೆ ಬೇಡ. ಬಿಟ್ಟರೆ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇದ್ದು ಹತ್ತು ಹದಿನೈದು ಕಿಲೋಮೀಟರಿಗೇ ಹಬ್ಬು ಮುಟ್ಟಲಾಗದಷ್ಟು ಕಾಯುತ್ತದೆ.

ಪ್ರಶ್ನೆ: ಹಳೇ ಕಾರಿಗೆ ಬೇರೆ ಎಂಜಿನ್ ಹಾಕಿದರೆ ಆರ್‌ಟಿಒ ಒಪ್ಪುತ್ತಾರೆಯೇ? ಅದೇ ಕಂಪನಿಯದಾದರೆ ತೊಂದರೆಯಿಲ್ಲ ಎಂದು ಏಜೆಂಟ್ ಹೇಳುತ್ತಾರೆ. ವಿಂಟೇಜ್ ನಂಬರ್ ಪ್ಲೇಟ್ ಸಿಗಬಹುದೇ?
– ಚಿಂತಾಮಣಿ

ಉತ್ತರ: ಏಜೆಂಟರ ಮಾತು ಪೂರ್ತಿ ಸರಿಯಲ್ಲ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಕಂಪನಿ ಒಂದೇ ಆದರೆ ಸಾಲದು, ಎಂಜಿನ್ನಿನ ಬಗೆಯೂ ಒಂದೇ ಇರಬೇಕು. 948 ಕೆಟ್ಟುಹೋಗಿ ಇನ್ನೊಂದು 948 ಹಾಕುವುದಾದರೆ ಮೊದಲೇ ಅರ್ಜಿ ಕೊಟ್ಟು, ಎಂಜಿನ್ ಕೊಂಡ ರಸೀದಿ ತೋರಿಸಿ, ಹೊಸ ನಂಬರನ್ನು ಆರ್‌ಸಿಗೆ ಸೇರಿಸಲು ಕೇಳಬಹುದು. 1296 ಹಾಕಿದರೆ ಆರ್‌ಸಿಯ ಸಿಸಿಯೇ ತಪ್ಪಾಗುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಮಾರ್ಪಾಟು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದರೆ ವಿಮಾ ಕಂಪನಿ ಎತ್ತುವ ಮೊದಲ ಪ್ರಶ್ನೆಯೂ ಇದೇ.

ವಿಂಟೇಜ್ ನೋಂದಣಿಯ ನಿಯಮ 2021ರ ಜುಲೈಯಲ್ಲಿ ಬಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಬರುತ್ತದೆ. ಚಾಸಿಸ್, ಬಾಡಿ ಅಥವಾ ಎಂಜಿನ್ ಮಾರ್ಪಾಟಾದ ಗಾಡಿಗೆ ಈ ನೋಂದಣಿ ಇಲ್ಲ. ಸಿಕ್ಕ ಮೇಲೂ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ ರಸ್ತೆಗಿಳಿಸಬೇಕು. ದಿನನಿತ್ಯ ಓಡಿಸುವಂತಿಲ್ಲ.

ಆದ್ದರಿಂದ ಬಟವಾಡಿಯವರಿಗೂ ನಿಮಗೂ ಎರಡು ದಾರಿ. ರಸ್ತೆಯಲ್ಲಿ ಓಡಿಸಬೇಕೆಂದರೆ ನಂಬರ್ ಹೊಂದುವ ಮೂಲ ಎಂಜಿನ್ನನ್ನೇ ಚೆನ್ನಾಗಿ ಕಟ್ಟಿ. ಬ್ರೇಕ್ ಯಾವ ಬಗೆಯದು ಎಂದು ಆರ್‌ಸಿಯಲ್ಲಿ ನಮೂದಿರುವುದಿಲ್ಲ. ಆದರೂ ಡಿಸ್ಕ್ ಹಾಕುವ ಮುನ್ನ ಮೋಟಾರು ವಾಹನ ನಿರೀಕ್ಷಕರನ್ನು ಲಿಖಿತವಾಗಿ ಕೇಳಿ ಉತ್ತರ ಇಟ್ಟುಕೊಳ್ಳಿ. ಪೂರ್ತಿ ಸ್ಟ್ರೀಟ್ ರಾಡೇ ಬೇಕೆಂದರೆ ಅದು ಖಾಸಗಿ ಜಮೀನಿಗೆ, ರೇಸ್ ಟ್ರ್ಯಾಕಿಗೆ, ಪ್ರದರ್ಶನದ ಮೈದಾನಕ್ಕೆ ಮಾತ್ರ. ಅಲ್ಲಿಗೆ ಕ್ಯಾಂಟರಿನಲ್ಲಿ ಹೇರಿಕೊಂಡು ಹೋಗಬೇಕು. ಈ ಎರಡನೇ ದಾರಿ ಹಿಡಿದರೂ ಮೂಲ ಎಂಜಿನ್, ಗೇರ್‌ಬಾಕ್ಸ್, ಹೌಸಿಂಗ್‌ಗೆ ಎಣ್ಣೆ ತುಂಬಿ, ಬಾಯಿ ಮುಚ್ಚಿ, ನಂಬರಿನ ಫೋಟೊ ತೆಗೆದು ಭದ್ರವಾಗಿಡಿ. ಮುಂದೆ ವಿಂಟೇಜ್ ನೋಂದಣಿ ಬೇಕೆನಿಸಿದರೆ ಬಾಗಿಲು ತೆರೆದಿರುತ್ತದೆ.

ಪ್ರಶ್ನೆ: ಎಂಜಿನ್ ಇಲ್ಲದ 1947ರ ಫೋರ್ಡ್ ಕೂಪೆ ಬಾಡಿ, ಚಾಸಿಸ್ ಸಮೇತ ಸಿಕ್ಕಿದೆ. ಫೋರ್ಡಿಗೆ ಫೋರ್ಡೇ ಹಾಕಬೇಕು ಎಂಬ ಹಟ. ಐಕಾನ್ ಅಥವಾ ಎಂಡೆವರ್ ಎಂಜಿನ್ ಆಗಬಹುದೇ? ಪ್ರದರ್ಶನಕ್ಕೆ ಮಾತ್ರ.
– ಕೆಜಿಎಫ್

ಉತ್ತರ: ಐಕಾನ್ ಎಂಜಿನ್ ಮುಂದಿನ ಚಕ್ರ ತಿರುಗಿಸುವ ಗಾಡಿ, ಬಿಟ್ಟುಬಿಡಿ. ಎಂಡೆವರಿನದು ಎತ್ತರದ, ಭಾರದ ಡೀಸೆಲ್ ಎಂಜಿನ್, ಆ ಕಾಲದ ಕಿರಿದಾದ ಬಾನೆಟ್ಟಿನ ಕೆಳಗೆ ಕೂರಿಸಲು ಹೋದರೆ ಗಾಡಿಯ ಅಂದವೇ ಹೋಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಇದಕ್ಕೆ ಎರಡು ಆಯ್ಕೆ.

ಮೊದಲನೆಯದು, ಆ ಗಾಡಿಗೆ ಹುಟ್ಟಿನಿಂದ ಇದ್ದ, ವಾಲ್ವುಗಳು ಬ್ಲಾಕಿನಲ್ಲೇ ಕೂರುವ ಫ್ಲ್ಯಾಟ್‌ಹೆಡ್ ವಿ8, 239 ಘನ ಇಂಚು, 100 ಅಶ್ವಶಕ್ತಿ. 1949ರಿಂದ 1953ರವರೆಗಿನ ಫ್ಲ್ಯಾಟ್‌ಹೆಡ್ ಸಿಕ್ಕರೆ ಹಾಗೇ ಕೂರುವುದಿಲ್ಲ. ಅದರ ಬೆಲ್ ಹೌಸಿಂಗ್ ಬೇರೆ, ಡಿಸ್ಟ್ರಿಬ್ಯೂಟರಿನ ಜಾಗ ಬೇರೆ, ಎಂಜಿನ್ ಮೌಂಟಿಂಗ್ ಜೊತೆಗಿರುವ ವಾಟರ್ ಪಂಪ್ ಬೇರೆ. ಹಳೇ ಮಾದರಿಯ ಪಂಪು, ಸಂಪು ಹುಡುಕಿಕೊಳ್ಳಬೇಕು. ಯಾವುದನ್ನೇ ಕೊಂಡರೂ ಮೊದಲು ಬ್ಲಾಕಿಗೆ ಮ್ಯಾಗ್ನೆಟಿಕ್ ಬಿರುಕು ಪರೀಕ್ಷೆ ಮಾಡಿಸಿ. ಈ ಎಂಜಿನ್ನಿನಲ್ಲಿ ಹೊಗೆ ಬ್ಲಾಕಿನ ಒಳಗಿಂದಲೇ ಹಾದು ಹೊರಗೆ ಹೋಗುತ್ತದೆ. ಹಾಗಾಗಿ ನೀರು ಬೇಗ ಕಾಯುತ್ತದೆ, ವಾಲ್ವ್ ಸೀಟಿನಿಂದ ಸಿಲಿಂಡರಿನ ಕಡೆಗೆ ಬಿರುಕು ಬಿಡುವುದು ಸಾಮಾನ್ಯ. ಬೋರ್ ಹಾಕಿಸಿ, ಪಿಸ್ಟನ್ ತರಿಸಿ, ಆಮೇಲೆ ಬಿರುಕು ಕಂಡರೆ ಅಷ್ಟೂ ಹಣ ನೀರಿನಲ್ಲಿ ಹೋಮ.

ಎರಡನೆಯದು ಫೋರ್ಡ್ 302 ವಿ8. ಚಿಕ್ಕದು, ಡಿಸ್ಟ್ರಿಬ್ಯೂಟರ್ ಮುಂದಿರುವುದರಿಂದ ಫೈರ್‌ವಾಲ್ ಕತ್ತರಿಸುವ ಅಗತ್ಯ ಕಡಿಮೆ. ಇಲ್ಲಿ ಒಂದೇ ಹೆಸರಿನ ಭಾಗಗಳೇ ಮೋಸ ಮಾಡುತ್ತವೆ. 1980ರವರೆಗಿನ ಕ್ರ್ಯಾಂಕಿಗೆ ಫ್ಲೈವೀಲ್, ಡ್ಯಾಂಪರಿನ ತೂಕದಿಂದ ಸರಿದೂಗಿಸಬೇಕಾದ 28 ಔನ್ಸ್ ಇಂಚಿನ ಅಸಮತೋಲನ, ಆಮೇಲಿನದಕ್ಕೆ 50. ಒಂದರ ಫ್ಲೈವೀಲನ್ನು ಇನ್ನೊಂದಕ್ಕೆ ಹಾಕಿದರೆ ಬೋಲ್ಟು ಸರಿಯಾಗಿ ಕೂರುತ್ತದೆ, ಎಂಜಿನ್ ಮಾತ್ರ ನಡುಗಿ ಬೇರಿಂಗ್ ತಿನ್ನುತ್ತದೆ. ಮುಂದಿನ ಡ್ಯಾಂಪರಿಗೂ ಇದೇ ಮಾತು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಕ್ರಮ) ಕೂಡ ಕ್ಯಾಮ್ ನೋಡಿಯೇ ಜೋಡಿಸಬೇಕು: ಹಳೇ 302ಕ್ಕೆ 1-5-4-2-6-3-7-8, ಆಮೇಲಿನ ಹೆಚ್ಚು ಶಕ್ತಿಯ 5.0 ಎಚ್‌ಒ ಕ್ಯಾಮಿಗೆ 1-3-7-2-6-5-4-8.

ಜಾಸ್ತಿ ಜನ ಎಡವುವುದು ಹಿಂದಿನ ಆಕ್ಸಲ್‌ನಲ್ಲಿ. ನಿಮ್ಮ ಗಾಡಿಯ ಪ್ರೊಪೆಲ್ಲರ್ ಶಾಫ್ಟ್ ಒಂದು ಗಟ್ಟಿ ಕೊಳವೆಯೊಳಗಿದೆ. ಚಕ್ರ ಗಾಡಿಯನ್ನು ಮುಂದಕ್ಕೆ ತಳ್ಳುವ ಬಲವೆಲ್ಲ ಆ ಕೊಳವೆಯ ಮೂಲಕವೇ ಗೇರ್‌ಬಾಕ್ಸಿಗೆ ಬರುತ್ತದೆ. ಹೊಸ ಗೇರ್‌ಬಾಕ್ಸ್ ಹಾಕಿ ತೆರೆದ ಶಾಫ್ಟ್ ಜೋಡಿಸಿದರೆ ಆಕ್ಸಲನ್ನು ಹಿಡಿದಿಡುವುದು ಏನೂ ಉಳಿಯುವುದಿಲ್ಲ, ಅಡ್ಡ ಸ್ಪ್ರಿಂಗೊಂದೇ ಅದಕ್ಕೆ ಸಾಲದು. ಅಲ್ಲಿ ಫೋರ್ಡಿನ 8 ಅಥವಾ 9 ಇಂಚಿನ ಆಕ್ಸಲನ್ನು ಉದ್ದದ ಎರಡು ಬ್ಲೇಡ್ ಸ್ಪ್ರಿಂಗಿನ ಮೇಲೆ ಕೂರಿಸುವುದೇ ಭದ್ರ. ಆಗ ಚಕ್ರದ ಬೋಲ್ಟಿನ ವೃತ್ತವೂ 5½ ಇಂಚಿನಿಂದ 4½ಕ್ಕೆ ಬದಲಾಗಬಹುದು. ಸ್ಟೆಪ್ನಿ ಎರಡು ಬಗೆಯದು ಬೇಕಾಗದಂತೆ ಮುಂದಿನ ಹಬ್ಬನ್ನೂ ಯೋಚಿಸಿ. ಬ್ರೇಕಿಗೆ 1948–52ರ ಫೋರ್ಡ್ ಎಫ್1 ಪಿಕಪ್ಪಿನ ಬೆಂಡಿಕ್ಸ್ ಡ್ರಮ್ ಸೆಟ್ ಬಹುಕಾಲದಿಂದ ಒಪ್ಪಿಕೊಂಡ ಬದಲಾವಣೆ. ಆ ಪಿಕಪ್ಪಿನ ಸ್ಟೀರಿಂಗ್ ಬಾಕ್ಸ್ ಕೂಡ ಜನಪ್ರಿಯ, ಆದರೆ ಅದು ಎಡಗಡೆ ಸ್ಟೀರಿಂಗಿನ ಗಾಡಿಗೆ. ನಿಮ್ಮದು ಬಲಗಡೆಯದಾದರೆ ಮೂಲದ ಬಾಕ್ಸನ್ನೇ ರಿಪೇರಿ ಮಾಡಿಸಿ. ಗಣಿ ಇದ್ದ, ಬೆಮೆಲ್ ಕಾರ್ಖಾನೆ ಇರುವ ಊರು ನಿಮ್ಮದು, ಬುಶ್ಶು, ಪಿನ್ನು ನಿಖರವಾಗಿ ಕಡೆದುಕೊಡುವ ಟರ್ನರ್‌ಗಳಿಗೆ ಬರವಿಲ್ಲ.

ಪ್ರಶ್ನೆ: ಹೆರಾಲ್ಡಿನ ಮುಂದಿನ ಚಕ್ರದ ಕೆಳಗಿನ ನಿಪ್ಪಲ್ಲಿಗೆ ಗ್ರೀಸ್ ಹೊಡೆಸುತ್ತಲೇ ಇದ್ದೇನೆ. ಆದರೂ ಸ್ಟೀರಿಂಗ್ ಬಿಗಿ.
– ತಿಪಟೂರು

ಉತ್ತರ: ಆ ಜಾಗಕ್ಕೆ ಗ್ರೀಸ್ ಹೊಡೆಯಬಾರದು. ಅದು ಟ್ರನಿಯನ್, ಹಿತ್ತಾಳೆ ಬಣ್ಣದ ಗೂಡಿನೊಳಗೆ ವರ್ಟಿಕಲ್ ಲಿಂಕಿನ ಮರೆ (ಥ್ರೆಡ್) ತಿರುಗುತ್ತದೆ. ಇಪಿ 90 ಗೇರ್ ಎಣ್ಣೆಯೇ ಬೇಕು. ಗ್ರೀಸ್ ಗಟ್ಟಿಯಾಗಿ ಎಣ್ಣೆಯ ದಾರಿ ಮುಚ್ಚುತ್ತದೆ, ನೀರು ಕೂತು ಉಕ್ಕಿಗೆ ತುಕ್ಕು, ಮರೆಯ ಬುಡದಲ್ಲಿ ಬಿರುಕು, ಕೊನೆಗೆ ಗಾಡಿ ತಿರುಗಿಸುವಾಗ ಲಿಂಕ್ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಎರಡೂ ಬದಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮರೆಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ. ಗುಳಿ ಬಿದ್ದಿದ್ದರೆ ಲಿಂಕ್ ಬದಲಿಸಿ, ವೆಲ್ಡಿಂಗ್ ಮಾಡಿಸಲೇಬೇಡಿ. ಒಂದು ಬದಿ ಎಡಮರೆ, ಇನ್ನೊಂದು ಬಲಮರೆ, ಅದಲುಬದಲಾಗದಿರಲಿ.

ಪ್ರಶ್ನೆ: ನಂದಿ ಬೆಟ್ಟದ ತಿರುವುಗಳಲ್ಲಿ ನಮ್ಮ ಹೆರಾಲ್ಡಿನ ಹಿಂಭಾಗ ಎದ್ದಂತಾಗಿ ಜಾರುತ್ತದೆ. ಅಗಲದ ಟೈರ್ ಹಾಕಿಸಲೇ?
– ಚಿಕ್ಕಬಳ್ಳಾಪುರ

ಉತ್ತರ: ಅಗಲದ ಟೈರಿನಿಂದ ಇದು ಹೆಚ್ಚಾಗುತ್ತದೆ. ಹಿಂದಿನ ಪ್ರತಿ ಚಕ್ರ ತನ್ನ ಅರ್ಧ ಆಕ್ಸಲಿನೊಂದಿಗೆ ಮೇಲೆ ಕೆಳಗೆ ತೂಗುವ ಸ್ವಿಂಗ್ ಆಕ್ಸಲಿನ ಗುಣವೇ ಅದು. ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಮೇಲೇಳುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿ ಟೈರಿನ ಅಂಚಿನ ಮೇಲೆ ನಿಲ್ಲುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಕಾಲು ಸ್ವಲ್ಪ ಒತ್ತಿಯೇ ಇರಲಿ. ಭಾಗ ಬದಲಿಸಲು ಇಷ್ಟವಿದ್ದರೆ 1970ರ ನಂತರದ ಸ್ಪಿಟ್‌ಫೈರಿನ ಸ್ವಿಂಗ್ ಸ್ಪ್ರಿಂಗ್ ಇದೆ. ಅದರಲ್ಲಿ ಒಂದೇ ಬ್ಲೇಡ್ ಹೌಸಿಂಗಿಗೆ ಬಿಗಿಯಾಗಿದ್ದು ಉಳಿದವು ನಡುವಿನಲ್ಲಿ ವಾಲುತ್ತವೆ, ಹಾಗಾಗಿ ಹಿಂಭಾಗ ಎತ್ತುವ ಬಲ ತಗ್ಗುತ್ತದೆ. ಜೊತೆಗೆ ಮುಂದಿನ ದಪ್ಪನೆಯ ಆಂಟಿ ರೋಲ್ ಬಾರನ್ನೂ ಹಾಕಲೇಬೇಕು, ಇಲ್ಲದಿದ್ದರೆ ಗಾಡಿ ತೊಟ್ಟಿಲಿನಂತೆ ಓಲಾಡುತ್ತದೆ.

ಪ್ರಶ್ನೆ: ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ 948 ಎಂಜಿನ್ ಕಟ್ಟುವಾಗ ಏನು ಗಮನಿಸಬೇಕು? ಆಲ್ಟರ್ನೇಟರ್ ಹಾಕಬಹುದೇ?
– ಗೌರಿಬಿದನೂರು

ಉತ್ತರ: ಹೆಡ್ ಬಿಚ್ಚಿದಾಗಲೇ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಕೂರಿಸಿ. ಸೀಸದ ಪೆಟ್ರೋಲ್ 2000ದಲ್ಲೇ ನಿಂತಿದೆ, ಮೂಲದ ಎರಕದ ಸೀಟು ಸವೆದು ವಾಲ್ವ್ ಒಳಕ್ಕೆ ಇಳಿಯುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ರಬ್ಬರ್ ಹೋಸ್ ಎಲ್ಲವನ್ನೂ ಆರ್9 ಗುರುತಿನದಕ್ಕೆ ಬದಲಿಸಿ, ಪಂಪಿನ ಡಯಾಫ್ರಮನ್ನೂ ಎಥನಾಲ್ ತಾಳುವಂಥದ್ದು ಹಾಕಿ. ಎಥನಾಲಿನಿಂದ ಮಿಶ್ರಣ ತೆಳುವಾಗುವುದರಿಂದ ಪ್ಲಗ್ ಬಿಳಿಚಿಕೊಂಡರೆ ಜೆಟ್ ಸ್ವಲ್ಪ ದೊಡ್ಡದು ಮಾಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿ, ನೀರು ಹೀರಿದ ಎಥನಾಲ್ ಅಲ್ಲಿ ಕೂತು ಕಾರ್ಬ್ಯುರೇಟರ್ ಮೈ ತಿನ್ನುತ್ತದೆ.

ಆಲ್ಟರ್ನೇಟರ್ ಹಾಕಬಹುದು, ಆದರೆ ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಕೊಟ್ಟಿದೆ ನೋಡಿ. ಹಳೇ ಹೆರಾಲ್ಡುಗಳಲ್ಲಿ ಪ್ಲಸ್ ಅರ್ತ್ ಇರುತ್ತದೆ. ಹಾಗೇ ಜೋಡಿಸಿದರೆ ಆಲ್ಟರ್ನೇಟರಿನ ಡಯೋಡ್ ಕ್ಷಣದಲ್ಲಿ ಸುಡುತ್ತದೆ. ಬ್ಯಾಟರಿ ತಿರುಗಿಸಿ ಮೈನಸ್ ಅರ್ತ್ ಮಾಡಿ, ಇಗ್ನಿಷನ್ ಕಾಯಿಲಿನ ಎರಡು ವೈರ್ ಅದಲುಬದಲು ಮಾಡಿ, ಹಳೇ ರೆಗ್ಯುಲೇಟರ್ ಬಾಕ್ಸನ್ನು ಸರ್ಕಿಟ್ಟಿನಿಂದ ತೆಗೆಯಿರಿ, ಬ್ಯಾಟರಿಗೆ ಹೋಗುವ ಚಾರ್ಜಿಂಗ್ ವೈರನ್ನು ದಪ್ಪದ್ದಕ್ಕೆ ಬದಲಿಸಿ. ಆಮೇಲೆ ಬ್ಯಾಟರಿ ಜೋಡಿಸಿ.